ನೋವಿಲ್ಲದ ಗಂಟು

ಸೊಲ್ಲಾಪುರದಿಂದ ಹೊರಟು, ಕಲಬುರಗಿ ರಾಯಚೂರುಗಳನ್ನು ಹಾದು ಹಾಸನಕ್ಕೆ ಹೋಗುವ ರೈಲು ಮುಂಜಾನೆ ಬೆಂಗಳೂರಿನ ಯಶವಂತಪುರದಲ್ಲಿ ನಿಂತಾಗ, ಇಳಿಯುವ ಜನರ ನಡುವೆ ಆಸ್ಪತ್ರೆಯ ಕಾಗದಗಳ ಕವರನ್ನು ಸೆರಗಿನ ಮರೆಯಲ್ಲಿ ಅವುಚಿಕೊಂಡ ಹೆಂಗಸೊಬ್ಬಳು ಕಣ್ಣಿಗೆ ಬೀಳದ ದಿನ ಅಪರೂಪ. ಮೊನ್ನೆ ಅಂತಹ ತಾಯಿಯೊಬ್ಬರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಯಾವ ಬಸ್ಸೆಂದು ವಿಚಾರಿಸಿದರು. ಮಾತಿಗೆ ಮಾತು ಬೆಳೆದಾಗ, "ಎದಿಯಾಗ ಗಂಟಾಗಿ ವರ್ಷಾತ್ರಿ, ಬ್ಯಾನಿ ಇರಲಿಲ್ಲ, ಅದಕ್ಕ ಸುಮ್ಮನಿದ್ದೆ" ಎಂದರು.

ಹೆಬ್ಬಾಳ, ಯಲಹಂಕಗಳನ್ನು ದಾಟಿ ವಿಮಾನ ನಿಲ್ದಾಣದತ್ತ ಸಾಗುವ ಹೆದ್ದಾರಿಯ ಪಕ್ಕದಲ್ಲಿ, ದೇಶದ ಕ್ಯಾನ್ಸರ್ ನೋಂದಣಿಗಳ ಲೆಕ್ಕವೆಲ್ಲ ಬಂದು ಸೇರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವಿದೆ. ಅದರ 2020ರ ವರದಿಯಂತೆ, ವಯೋಮಾನದ ಅಂತರವನ್ನು ಸರಿದೂಗಿಸಿ ನೋಡಿದರೆ, ಬೆಂಗಳೂರಿನ ಲಕ್ಷ ಸ್ತ್ರೀಯರಲ್ಲಿ ವರ್ಷಕ್ಕೆ 40.5 ಮಂದಿಗೆ ಸ್ತನ ಕ್ಯಾನ್ಸರ್ ತಗಲುತ್ತದೆ, ಹೈದರಾಬಾದಿನಲ್ಲಿ 48. ಅದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಹಳ್ಳಿಗಳಲ್ಲಿ ಈ ಪ್ರಮಾಣ ಬೆಂಗಳೂರಿನ ಅರ್ಧಕ್ಕಿಂತಲೂ ಕಡಿಮೆ.

ಒಂದೇ ರೈಲು ಜೋಡಿಸುವ ಎರಡು ಸೀಮೆಗಳ ನಡುವೆ ಇಷ್ಟು ಅಂತರವೇಕೆ? ತಡವಾದ ಚೊಚ್ಚಲು, ಒಂದೇ ಮಗು, ಬೇಗನೆ ಬಿಡಿಸಿದ ಮೊಲೆಹಾಲು, ಕುಳಿತೇ ಮಾಡುವ ಕೆಲಸ, ಮುಟ್ಟು ನಿಂತ ಮೇಲೆ ಏರುವ ಮೈತೂಕ — ಇವೇ ಮುಖ್ಯ ಕಾರಣಗಳು. ಮೂವತ್ತು ದೇಶಗಳ ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಮಾಡಿದ ಗಣನೆಯಂತೆ, ಪ್ರತಿ ಹನ್ನೆರಡು ತಿಂಗಳ ಸ್ತನ್ಯಪಾನದಿಂದ ಅಪಾಯ ಶೇ. 4.3ರಷ್ಟು ತಗ್ಗುತ್ತದೆ. ಇದನ್ನು ಹಿಡಿದು ಬೆಂಗಳೂರಿನ ಆರ್.ಟಿ. ನಗರದ ಓದಿದ ಹೆಣ್ಣುಮಕ್ಕಳಿಗೆ ಬೇಗ ಹೆರಿರೆಂದು ಬುದ್ಧಿ ಹೇಳಹೊರಡುವುದು ಅನ್ಯಾಯ. ಬದಲಾಗಬೇಕಾದದ್ದು ದುಡಿಮೆಯ ಜಾಗ: ಐವತ್ತಕ್ಕಿಂತ ಕಡಿಮೆಯಿಲ್ಲದಷ್ಟು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯೇ ವಿಧಿಸಿತು. ಯಶವಂತಪುರದಾಚೆಯ ಗಾರ್ಮೆಂಟ್ಸಿನ ತಾಯಿ ಕೂಸಿಗೆ ಹಾಲೂಡಿಸಿ ಮಿಷನ್ನಿಗೆ ಮರಳುವಂತೆ ಮಾಡುವುದು ಮಾಲೀಕರ ಧರ್ಮ.

ಹಳ್ಳಿಯಲ್ಲಿ ರೋಗ ವಿರಳವೆಂದ ಮಾತ್ರಕ್ಕೆ ಹಳ್ಳಿಯವಳು ಸುರಕ್ಷಿತಳಲ್ಲ. ಗಂಟು ಬಲಿತು, ಕಂಕುಳಿಗೆ ಹಬ್ಬಿದ ಮೇಲೆ ಆಸ್ಪತ್ರೆಗೆ ಬರುವವರಲ್ಲಿ ಅವಳ ಪಾಲೇ ಹೆಚ್ಚು. ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ, ಮನೆಯ ಭಾರ ಹೊತ್ತ ವಯಸ್ಸಿನಲ್ಲಿ, ನಮ್ಮ ಸ್ತ್ರೀಯರನ್ನು ಈ ವ್ಯಾಧಿ ಹಿಡಿಯುತ್ತದೆ. ಹಾರ್ಮೋನು ಚಿಕಿತ್ಸೆಗೆ ಬಗ್ಗದ ಉಗ್ರ ಬಗೆಯೂ ಇಲ್ಲಿ ಅಧಿಕ. ಆದುದರಿಂದ ಪರದೇಶದ ತಪಾಸಣೆಯ ವೇಳಾಪಟ್ಟಿಯನ್ನು ಯಥಾವತ್ತಾಗಿ ತಂದು ನೆಡುವುದು ಸಲ್ಲದು. ಮುಂಬಯಿಯಲ್ಲಿ 1998ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ಪರೀಕ್ಷಿಸಿದಾಗ, ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಮ್ಯಾಮೊಗ್ರಫಿ ಯಂತ್ರ ತಲುಪದ ಊರಿಗೆ ಕೈ ತಲುಪುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಆ ವಿದ್ಯೆಯನ್ನೂ ಅದಕ್ಕೆ ತಕ್ಕ ವೇತನವನ್ನೂ ಸರ್ಕಾರ ಕೊಡಬೇಕು.

ಓದುಗ ಸೋದರಿಯರೇ, ಹೊಸ ಗಂಟು ಕೈಗೆ ಸಿಕ್ಕಿದರೆ, ನೋವಿರಲಿ ಇಲ್ಲದಿರಲಿ, ಆ ವಾರವೇ ವೈದ್ಯರಿಗೆ ತೋರಿಸಿ. ಊರಿನ ಅಕ್ಕತಂಗಿಯರಿಗೂ ಫೋನು ಮಾಡಿ ಹೇಳಿ. ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಶಾಖೆಯೊಂದಿದೆ.