ಗದ್ದಲವೋ, ಸಂಗೀತವೋ?



ಮಕ್ಕಳ ಕೋಣೆಯಿಂದ ರಾಕ್ ಸಂಗೀತ ಕೇಳಿಬಂದರೆ ಸಾಕು, "ಆ ಗದ್ದಲ ನಿಲ್ಲಿಸು" ಎನ್ನುವ ತಂದೆತಾಯಂದಿರು ನಮ್ಮಲ್ಲಿ ಬಹಳ. "ಬೀಟಲ್ಸ್ ತನಕ ಸರಿ, ಆಮೇಲಿನದೆಲ್ಲ ಬರೀ ಕೂಗಾಟ" ಎಂಬ ತೀರ್ಪೂ ನಮ್ಮ ಕೂಟಗಳಲ್ಲಿ ಧಾರಾಳ. ನಮಗೆ ಈ ಮಾತು ಒಪ್ಪಿಗೆಯಿಲ್ಲ.

ಬೀಟಲ್ಸ್ ಏಕೆ ಸರಿ? 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮಿನಲ್ಲಿ ಸಿತಾರ್, ತಬಲಾ, ದಿಲ್‌ರುಬಾ ಇವೆಯೆಂದೇ? ನಮ್ಮ ವಾದ್ಯವಿದ್ದರಷ್ಟೇ ಸಂಗೀತವೇ? ಪಿಂಕ್ ಫ್ಲಾಯ್ಡ್ 1973ರಲ್ಲಿ ತಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಪೂರ್ತಿ ಕಾಲ, ಹಣ, ಹುಚ್ಚು, ಸಾವುಗಳ ಚಿಂತನೆ. ದಾಸರ ಪದಗಳಿಗೂ ಕಾಲ, ಹಣ, ಸಾವು ವಸ್ತುಗಳೇ ತಾನೆ? 1991ರ ನಿರ್ವಾಣ ತಂಡದ 'ನೆವರ್‌ಮೈಂಡ್' ಕೂಗಾಟವೇ ಸರಿ. ಆದರೆ ಮೆಲ್ಲಗೆ ಶುರುವಾಗಿ, ಪಲ್ಲವಿಗೆ ಬಂದಾಗ ಸಿಡಿಯುವ ಲೆಕ್ಕಾಚಾರದ ಕೂಗಾಟ. 1992ರ ಜನವರಿಯಲ್ಲಿ ಅದು ಮೈಕೇಲ್ ಜಾಕ್ಸನ್ನರ 'ಡೇಂಜರಸ್' ಅನ್ನೇ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಿಂದ ಇಳಿಸಿತು. ಹೊಸ ತಲೆಮಾರು ಹೊಸ ದನಿ ಹುಡುಕುವುದು ಹೀಗೆಯೇ.

1978ರ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದವರು ನಾವು. ಯಾವ ಹಾಡಿನ ನಂತರ ಯಾವುದೆಂದು ಬಾಯಿಪಾಠ. ಮಕ್ಕಳಿಗೂ ಅವರವರ ಆಲ್ಬಮ್ ಹಾಗೆಯೇ. "ನಿನ್ನದು ಹಾಡೇ ಅಲ್ಲ" ಎಂದ ಬಾಯಲ್ಲೇ "ನಮ್ಮ ಭಾವಗೀತೆ ಕೇಳು ಬಾ" ಎಂದರೆ ಯಾವ ಮಗು ಬಂದೀತು? ಕನ್ನಡದ ಬಾಗಿಲನ್ನು ನಾವೇ ಮುಚ್ಚಿದಂತಾಗುತ್ತದೆ.

ಬರುವ ಶನಿವಾರ, ಮಕ್ಕಳು ಮೆಚ್ಚಿದ ಒಂದು ಆಲ್ಬಮ್ಮನ್ನು ಅವರ ಜೊತೆ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳೋಣ. ಬೈಯುವ ಹಕ್ಕು ಆಮೇಲೂ ಇದ್ದೇ ಇದೆ. ಏನಂತೀರಿ?