ವಾಹನ ವಿಚಾರ: ಪಾಯಿಂಟೋ, ಎಲೆಕ್ಟ್ರಾನಿಕ್ಕೋ?

ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿನ ಪಾಯಿಂಟು ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದೇ ಎಂದು ಮುಂಬಯಿಯ ವಾಚಕ ಸೋದರಿಯೊಬ್ಬರು ಕೇಳಿದ್ದಾರೆ.

ಪ್ರತಿ ಕಿಡಿಗೂ ತೆರೆದು ಮುಚ್ಚುವ ಪಾಯಿಂಟು ಸವೆಯುತ್ತದೆ, ಸುಮಾರು 0.4 ಮಿ.ಮೀ. ಸಂದು ವ್ಯತ್ಯಾಸವಾದರೆ ಕಿಡಿಯ ವೇಳೆ ತಪ್ಪುತ್ತದೆ. ಆದರೆ ದಾರಿಯಲ್ಲೇ ಉಜ್ಜಿ, ಸಂದು ಹೊಂದಿಸಿ ಮನೆ ಸೇರಬಹುದು. ಎಲೆಕ್ಟ್ರಾನಿಕ್ ಘಟಕಕ್ಕೆ ಆ ಸವೆತವಿಲ್ಲ. ಕೆಟ್ಟರೆ ಮಾತ್ರ ಘಾಟಿಯ ನಡುವೆ ರಿಪೇರಿಯಾಗದು.

2023ರ ಅಕ್ಟೋಬರಿಗೆ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಪಾಯಿಂಟು ಬಲ್ಲ ಕೈಗಳೂ ವಿರಳವಾಗುತ್ತಿವೆ. ಆದ್ದರಿಂದ ಹಾಕಿಸುವುದೇ ಲೇಸೆಂದು ನಮ್ಮ ಮತ. ಕಾಯಿಲ್ ಅದಕ್ಕೆ ಹೊಂದುವುದೇ ನೋಡಿರಿ. ಹಳೆಯ ತಂತಿ ಕತ್ತರಿಸಗೊಡಬೇಡಿರಿ. ಬಿಚ್ಚಿದ ಪಾಯಿಂಟು, ಕಂಡೆನ್ಸರುಗಳನ್ನು ಡಿಕ್ಕಿಯಲ್ಲಿಟ್ಟು, ಮರಳಿ ಕೂಡಿಸುವುದನ್ನು ಮನೆಯಲ್ಲೊಮ್ಮೆ ಕಲಿಯಿರಿ. ದಾರಿಯಲ್ಲಿ ನಿಂತರೆ ಉಪಾಯ ಕೈಯಲ್ಲಿರುತ್ತದೆ. ತಂದೆಯವರ ಕಾರಿನ ಮೂಲರೂಪವೂ ಉಳಿಯುತ್ತದೆ.