ಋಷಿಋಣ

ಅಂತಿಮ ಪರೀಕ್ಷೆಗಳು ಮುಗಿದು, ಮೊದಲ ಉದ್ಯೋಗದ ನೇಮಕಾತಿ ಪತ್ರವು ಕೈಸೇರಿ, ಇನ್ನೇನು ಹೊರಡಬೇಕೆನ್ನುವ ದಿನಗಳಲ್ಲಿ ನಮ್ಮ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಯು ಒಂದು ಹಾಳೆಯನ್ನು ಹಿಡಿದು ಗ್ರಂಥಾಲಯ, ವಿದ್ಯಾರ್ಥಿನಿಲಯ, ಪ್ರಯೋಗಶಾಲೆಗಳೆಂದು ಬಾಗಿಲಿನಿಂದ ಬಾಗಿಲಿಗೆ ಅಲೆಯುವುದುಂಟು. ವಿದ್ಯಾರ್ಥಿಗಳು ಅದನ್ನು 'ನೋ ಡ್ಯೂ' ಎನ್ನುತ್ತಾರೆ. ಗ್ರಂಥಪಾಲಕರು ವಹಿಯ ಪುಟ ತಿರುವಿ, ಹಿಂದಿರುಗಿದ ಪುಸ್ತಕದ ಹೆಸರಿನ ಮೇಲೆ ಗೀಟೆಳೆದು, ಈತನಿಂದ ಬರಬೇಕಾದ ಬಾಕಿ ಏನೂ ಇಲ್ಲವೆಂದು ಸಹಿ ಮಾಡಿ ಮೊಹರು ಒತ್ತಿದರೆಂದರೆ ಲೆಕ್ಕ ಚುಕ್ತಾ ಆದಂತೆ.

ನಿಜವಾಗಿ ಚುಕ್ತಾ ಆಯಿತೆ? ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುವೆವೆಂದು ನಂಬಿದ ನಮ್ಮ ಪ್ರಾಚೀನರು, ದೇವಋಣ ಪಿತೃಋಣಗಳ ಸಾಲಿನಲ್ಲಿ ಋಷಿಋಣವನ್ನೂ ಎಣಿಸಿ, ಅದು ತೀರುವ ಮಾರ್ಗವನ್ನು ವಿದ್ಯೆಯಲ್ಲಿ ಕಂಡರು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವೇದಾಧ್ಯಯನವನ್ನು ಮುಗಿಸಿದ ಅಂತೇವಾಸಿಗೆ ಆಚಾರ್ಯನು ನೀಡುವ ಅನುಶಾಸನದಲ್ಲಿ, ಸತ್ಯಧರ್ಮಗಳೊಡನೆಯೇ ಸ್ವಾಧ್ಯಾಯ ಪ್ರವಚನಗಳನ್ನೂ ಅಲಕ್ಷಿಸದಿರೆಂಬ ವಿಧಿಯಿದೆ. ಓದು ಮುಗಿಸಿ ಹೊರಟವನಿಗೇ ಓದನ್ನು ಬಿಡಬೇಡವೆಂದು ಬುದ್ಧಿಹೇಳಿದ ಆ ವಿವೇಕವು ನನಗೆ ಅತ್ಯಂತ ಆದರಣೀಯವಾಗಿ ತೋರುತ್ತದೆ. ಏಕೆಂದರೆ ಗುರುಕುಲದೊಳಗಣ ಓದಿಗೆ ಗುರುವಿನ ಅಂಕೆಯುಂಟು, ಹೊರಗಣ ಓದಿಗೆ ಶ್ರದ್ಧೆಯೊಂದೇ ಆಸರೆ.

ಮೈಸೂರಿನಲ್ಲಿ ಕಲಿತವರನ್ನು ಕೇಳಿ ನೋಡಿ: ಅವರ ಮನಸ್ಸಿನಲ್ಲಿ ನಿಂತಿರುವುದು ಪಠ್ಯದ ಟಿಪ್ಪಣಿಗಳಲ್ಲ, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಪರೀಕ್ಷೆಗೆ ಎಂದೂ ಬಾರದ ಯಾವುದೋ ಪ್ರಶ್ನೆಯನ್ನು ಹಿಡಿದು, ಹಕ್ಕಿಗಳು ಗೂಡು ಸೇರಿದರೂ ಮುಗಿಯದೆ ಗೆಳೆಯರೊಡನೆ ನಡೆದ ವಾದ, ಬೇರೇನನ್ನೋ ಅರಸುತ್ತ ಕಪಾಟಿನ ಮುಂದೆ ನಿಂತಾಗ ಕೈಗೆ ತಗುಲಿ, ರಾತ್ರಿಯ ನಿದ್ದೆಯನ್ನೇ ಕಸಿದ ಒಂದು ಗ್ರಂಥ. ಫಲಾಪೇಕ್ಷೆಯಿಲ್ಲದ ಈ ಜಿಜ್ಞಾಸೆಯೇ ವಿಶ್ವವಿದ್ಯಾನಿಲಯವು ಕೊಡಬಲ್ಲ ಪರಮಲಾಭ. ಮಿಕ್ಕುದೆಲ್ಲವೂ ಅಂಕಪಟ್ಟಿಯಲ್ಲಿ ಅಡಗುವಂಥದು. ಮೊದಲ ಸಂಬಳದ ಸಂಭ್ರಮದಲ್ಲಿ ಮೊತ್ತಮೊದಲು ನಂದುವುದೂ ಇದೇ ಎಂಬುದು ನನ್ನ ವ್ಯಥೆ.

ಉದ್ಯೋಗಕ್ಕೆ ಸೇರಿದ ಮೇಲೆ ಬಿಡುವೆಲ್ಲಿ ಎಂಬ ಮಾತನ್ನು ನಾನು ಹಗುರವಾಗಿ ಎಣಿಸಲಾರೆ. ಮನೆಯ ಭಾರ ಹೊತ್ತು ದೂರದ ನಗರಕ್ಕೆ ಹೊರಟ ಮಕ್ಕಳ ಕಷ್ಟ ನಿಜವಾದದ್ದು. ಆದರೂ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನೆನೆಯಬೇಕು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದದ್ದು 1916ರಲ್ಲಿ. ಅದಕ್ಕೆ ಮುನ್ನವೇ, 1914ರಲ್ಲಿ, ಅವರು ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಪದವಿಯನ್ನು ಪಡೆದರು. ಸಂಸ್ಥಾನದ ಆಡಳಿತಸೇವೆಯಲ್ಲಿ ಊರಿಂದೂರಿಗೆ ವರ್ಗವಾಗುತ್ತ, ಕಡತಗಳ ನಡುವೆಯೇ ಓದುತ್ತ ಬರೆಯುತ್ತ, 1920ರಲ್ಲಿ ಪ್ರಥಮ ಕಥಾಸಂಗ್ರಹವನ್ನು ಪ್ರಕಟಿಸಿದರು. 1943ರಲ್ಲಿ ನಿವೃತ್ತರಾಗುವ ವೇಳೆಗೆ ಕನ್ನಡ ಸಣ್ಣಕಥೆಯ ಪಿತಾಮಹರೆನಿಸಿದ್ದರು. ಎಲ್ಲರೂ ಮಾಸ್ತಿಯವರಾಗಬೇಕಿಲ್ಲ. ಅಧಿಕಾರದ ದಣಿವು ಅವರ ಅಧ್ಯಯನವನ್ನು ನುಂಗಲಿಲ್ಲವೆಂಬುದಷ್ಟೆ ನಮಗೆ ಬೇಕಾದದ್ದು.

ಇನ್ನೊಂದು ಮಾತು. ನಮ್ಮ ಸರ್ಕಾರಿ ವಿಶ್ವವಿದ್ಯಾನಿಲಯಗಳನ್ನು ಪೊರೆದದ್ದು ಆ ಅಂಗಳಕ್ಕೆ ಎಂದೂ ಕಾಲಿಡದ ಅಸಂಖ್ಯಾತ ದುಡಿಮೆಗಾರರು ತೆತ್ತ ತೆರಿಗೆ. ಅವರಿಗೆ ಸಲ್ಲಬೇಕಾದುದನ್ನು ಯಾವ ಗ್ರಂಥಪಾಲಕನೂ ಗೀಟೆಳೆದು ವಜಾಮಾಡಲಾರ. ಕಲಿತದ್ದನ್ನು ಕಲಿಯಲಾಗದವರಿಗೆ ತಿಳಿಯಹೇಳುವುದೂ ಪ್ರವಚನವೇ.

ಈ ವರ್ಷ ಪದವಿ ಪಡೆದು ಹೊರಟಿರುವ ತರುಣ ತರುಣಿಯರಲ್ಲಿ ನನ್ನ ಬಿನ್ನಹವಿಷ್ಟೆ: ಹೊಸ ಊರಿನಲ್ಲಿ ಬಾಡಿಗೆಯ ಮನೆ ಗೊತ್ತಾದ ವಾರವೇ ಅಲ್ಲಿನ ಸಾರ್ವಜನಿಕ ಗ್ರಂಥಾಲಯ ಎಲ್ಲಿದೆಯೆಂದು ವಿಚಾರಿಸಿ, ಸದಸ್ಯರಾಗಿರಿ.